ಜೊನಾಥನ್ ಮೊಯ್ಲನ ಮರಣವೂ ಕೌಟಿಲ್ಯನ ಆಶುಮೃತಕಪರೀಕ್ಷೆಯೂ

೧

ರಾಯಬಾಗವು ಈಗ ಬೆಳಗಾವಿ ಜಿಲ್ಲೆಯ ಒಂದು ತಾಲೂಕಿನ ಮುಖ್ಯಸ್ಥಳ. ಹದಿನೇಳನೆಯ ಶತಮಾನದಲ್ಲಿ ಅದು ವಿಜಾಪುರದ ಆದಿಲಶಾಹಿ ರಾಜ್ಯಕ್ಕೆ ಸೇರಿದ ದೊಡ್ಡ ಪೇಟೆಯಾಗಿದ್ದಿತು. ಕರಿಮೆಣಸಿನ ವ್ಯಾಪಾರದಿಂದ ಪರಸ್ಥಳಗಳಲ್ಲಿಯೂ ಅದರ ಹೆಸರು ಹಬ್ಬಿದ್ದಿತು. ಸಹ್ಯಾದ್ರಿಯ ಪಡುವಣ ಮಗ್ಗುಲಿನ ರಾಜಾಪುರದಲ್ಲಿ ಕೋಠಿಯನ್ನಿಟ್ಟಿದ್ದ ಆಂಗ್ಲ ಈಸ್ಟ್ ಇಂಡಿಯಾ ಕಂಪನಿಯವರಿಗೆ ಈ ಪೇಟೆಯೊಡನೆ ವ್ಯವಹಾರವಿದ್ದಿತು. ಮೆಣಸನ್ನು ಕೊಳ್ಳಬಂದ ಆ ವರ್ತಕರು ಕ್ರಮೇಣ ಮದ್ದುಗುಂಡುಗಳ ವ್ಯವಹಾರಕ್ಕೂ ಕೈಯಿಕ್ಕಿದರು. ಕ್ರಿ. ಶ. ೧೬೬೦ರಲ್ಲಿ ಆದಿಲಶಾಹನ ಸರದಾರನಾದ ಸಿದ್ದಿ ಜೌಹರನು ಶಿವಾಜಿಯಿದ್ದ ಪನ್ಹಾಳಾ ದುರ್ಗವನ್ನು ಮುತ್ತಿದಾಗ, ರಾಜಾಪುರದ ಕೋಠಿಯ ಮುಖ್ಯಸ್ಥನಾದ ಹೆನ್ರಿ ರೆವಿಂಗ್‌ಟನ್ನನು ತನ್ನವರೊಡನೆ ಒಂದು ಗಿಡ್ಡ ಫಿರಂಗಿಯನ್ನೂ ಸಿಡಿಗುಂಡುಗಳನ್ನೂ ಅಲ್ಲಿಗೆ ಒಯ್ದು, ಆಂಗ್ಲ ಧ್ವಜವನ್ನು ನೆಟ್ಟು ದುರ್ಗದ ಮೇಲೆ ಗುಂಡು ಹಾರಿಸಿದನು. ಮರುವರ್ಷ ಶಿವಾಜಿಯು ರಾಜಾಪುರವನ್ನು ಸೂರೆಮಾಡಿ ಆ ಆಂಗ್ಲರನ್ನು ಸೆರೆಯಲ್ಲಿಟ್ಟನು. ಬಿಡಿಸಿಕೊಳ್ಳಬೇಕೆಂದು ಅವರು ಮೊರೆಯಿಟ್ಟುದಕ್ಕೆ ಸೂರತಿನ ಮೇಲಧಿಕಾರಿಗಳು ಬರೆದ ಉತ್ತರವು ಉಳಿದುಬಂದಿದೆ. ಕಂಪನಿಯ ಸರಕನ್ನು ಕಾಯುವುದರಲ್ಲಿ ಅವರು ಸೆರೆಸಿಕ್ಕಿದವರಲ್ಲ, ಪರರ ಮುತ್ತಿಗೆಗೆ ಹೋಗಿ ಆಂಗ್ಲರದೆಂದು ಎಲ್ಲರೂ ಬಲ್ಲ ಧ್ವಜದಡಿಯಲ್ಲಿ ಗುಂಡೆಸೆದುದರಿಂದ ಬಂದ ಕೇಡು ಅದು, ಎಂಬುದೇ ಆ ಉತ್ತರದ ತಾತ್ಪರ್ಯ.

ಪರದೇಶದ ವರ್ತಕನು ಎರಡು ಪಕ್ಷಗಳ ಕಲಹದಲ್ಲಿ ಒಂದಕ್ಕೆ ಆಯುಧವನ್ನೊದಗಿಸುವುದೂ, ವಿಪತ್ತು ಬಂದಾಗ ಯಜಮಾನರು ಕೈಕೆಳಗಿನವರನ್ನು ತಮ್ಮವರಲ್ಲವೆಂಬಂತೆ ನುಡಿಯುವುದೂ ಈ ಸೀಮೆಗೆ ಹೊಸತಲ್ಲವೆಂಬುದು ಇದರಿಂದ ತಿಳಿಯುತ್ತದೆ. ಆದರೆ ಇಲ್ಲಿ ಗಮನಿಸತಕ್ಕ ಮತ್ತೊಂದು ಅಂಶವುಂಟು. ಪನ್ಹಾಳೆಯ ಫಿರಂಗಿಯ ಸಂಗತಿ ಇಂದು ತಿಳಿದಿರುವುದಕ್ಕೆ ಕಾರಣ, ಅದನ್ನು ಮಾಡಿದವರ ಕಾಗದಗಳೇ ಉಳಿದುಬಂದುದು. ಶಸ್ತ್ರವ್ಯಾಪಾರದ ಇತಿಹಾಸವನ್ನು ಬರೆಯುವವನು ಹೀಗೆ ವ್ಯಾಪಾರಿಯ ದಫ್ತರವನ್ನೇ ನೆಚ್ಚಿಕೊಂಡಿರಬೇಕು. ಅದು ತೆರೆಯುವುದಕ್ಕೆ ಎಷ್ಟೋ ತಲೆಮಾರುಗಳು ಕಳೆಯಬೇಕು. ಇಪ್ಪತ್ತನೆಯ ಶತಮಾನದಲ್ಲಿ ಈ ಕಾಯುವಿಕೆಯನ್ನು ಒಪ್ಪದೆ, ವ್ಯವಹಾರವು ನಡೆಯುತ್ತಿರುವಾಗಲೇ ಅದನ್ನು ವಿಚಾರಿಸಲು ಹೊರಟ ಒಂದು ವರ್ಗವು ಹುಟ್ಟಿತು. ಅದೇ ಪತ್ರಕರ್ತರ ವರ್ಗ. ಅಂಥ ಪತ್ರಕರ್ತನು ವಿಚಾರಣೆಯ ನಡುವೆಯೇ ಮೃತನಾದರೆ ಅವನ ಮರಣವನ್ನು ನಿರ್ಣಯಿಸುವ ಬಗೆ ಯಾವುದು? ೧೯೯೦ನೆಯ ಮಾರ್ಚ್ ೩೧ರಂದು ದಕ್ಷಿಣ ಅಮೆರಿಕದ ಚಿಲಿ ದೇಶದ ರಾಜಧಾನಿಯಾದ ಸಾಂಟಿಯಾಗೋದಲ್ಲಿ ಮೃತನಾಗಿ ಕಂಡುಬಂದ ಆಂಗ್ಲ ಪತ್ರಕರ್ತ ಜೊನಾಥನ್ ಮೊಯ್ಲನ ವೃತ್ತಾಂತವು ಈ ಪ್ರಶ್ನೆಗೆ ಉತ್ತಮ ನಿದರ್ಶನವಾಗಿದೆ.

೨

ಮೊಯ್ಲನು ಸಾಂಟಿಯಾಗೋಗೆ ಹೋದ ಕಾರಣವನ್ನು ತಿಳಿಯಬೇಕಾದರೆ ಇರಾಕ್ ದೇಶದಿಂದ ಪ್ರಾರಂಭಿಸಬೇಕು. ೧೯೮೦ರಿಂದ ೧೯೮೮ರ ವರೆಗೆ ಇರಾಕಿಗೂ ಇರಾನಿಗೂ ಘೋರವಾದ ಯುದ್ಧವು ನಡೆಯಿತು. ಎರಡು ಪಕ್ಷಗಳಿಗೂ ಅನೇಕ ದೇಶಗಳಿಂದ ಆಯುಧಗಳು ಬಹಿರಂಗವಾಗಿಯೂ ಗುಪ್ತವಾಗಿಯೂ ಬಂದವು. ಇರಾಕಿಗೆ ಆಯುಧವನ್ನೊದಗಿಸಿದವರಲ್ಲಿ ಚಿಲಿಯ ಕಾರ್ಲೋಸ್ ಕಾರ್ಡೋಯೆನ್ ಎಂಬ ಕಾರಖಾನೆದಾರನು ಮುಖ್ಯನು. ಒಂದು ಬಾಂಬಿನ ಒಡಲಿನಿಂದ ನೂರಾರು ಸಣ್ಣ ಗುಂಡುಗಳು ಚೆಲ್ಲಿ ವಿಶಾಲವಾದ ನೆಲವನ್ನು ಹಾಳುಮಾಡುವ ಗುಚ್ಛಬಾಂಬುಗಳನ್ನು ಅವನ ಕಾರಖಾನೆಯು ತಯಾರಿಸಿ ಇರಾಕಿಗೆ ಮಾರುತ್ತಿದ್ದಿತು. ಅವುಗಳಿಗೆ ಬೇಕಾದ ಜಿರ್ಕೋನಿಯಮ್ ಎಂಬ ಧಾತುವನ್ನು ಅಮೆರಿಕದಿಂದ ಅಕ್ರಮವಾಗಿ ತರಿಸಿದನೆಂದು ೧೯೯೩ರಲ್ಲಿ ಅಮೆರಿಕದ ಸರಕಾರವು ಅವನ ಮೇಲೆ ದೋಷಾರೋಪಣೆಯನ್ನು ಹೊರಿಸಿತು. ತನ್ನ ವ್ಯವಹಾರವು ಅಮೆರಿಕಕ್ಕೆ ತಿಳಿದೇ ನಡೆದುದೆಂಬುದು ಅವನ ಸಮಾಧಾನ.

ಇದೇ ಕಾರಖಾನೆಯವರು ಬೆಲ್ ೨೦೬ ಎಂಬ ಸಾಮಾನ್ಯ ಉಪಯೋಗದ ಅಮೆರಿಕನ್ ಹೆಲಿಕಾಪ್ಟರನ್ನು ಪರಿವರ್ತಿಸಿ ಯುದ್ಧಯೋಗ್ಯವಾಗಿ ಮಾಡುವ ಉದ್ಯಮವನ್ನೂ ಕೈಕೊಂಡಿದ್ದರು. ಅದನ್ನು ಕೊಳ್ಳುವವರಲ್ಲಿ ಇರಾಕೂ ಒಂದೆಂಬ ಸುದ್ದಿಯಿದ್ದಿತು. ಮೊಯ್ಲನಿಗಾಗ ೨೮ ವರ್ಷ. ಅವನು ಹಿಂದೆ ಬ್ರಿಟಿಷ್ ವಾಯುಸೇನೆಯಲ್ಲಿದ್ದವನು. ಬಳಿಕ ಯುದ್ಧೋಪಯೋಗಿ ಹೆಲಿಕಾಪ್ಟರುಗಳ ವಿಷಯಕ್ಕೇ ಮೀಸಲಾದ ‘ಡಿಫೆನ್ಸ್ ಹೆಲಿಕಾಪ್ಟರ್ ವರ್ಲ್ಡ್’ ಎಂಬ ಪತ್ರಿಕೆಯ ಸಂಪಾದಕನಾದವನು. ಸಾಂಟಿಯಾಗೋದಲ್ಲಿ ನಡೆಯುವ ‘ಫಿಡೇ’ ಎಂಬ ವಿಮಾನಪ್ರದರ್ಶನಕ್ಕೆ ಅವನು ೧೯೯೦ರ ಮಾರ್ಚಿಯಲ್ಲಿ ಹೋದನು. ಕಾರ್ಡೋಯೆನ್ನನ ಹೆಲಿಕಾಪ್ಟರಿನ ವಿಷಯವಾಗಿ ಅವನು ಅಲ್ಲಿ ಹಲವರನ್ನು ಕೇಳುತ್ತಿದ್ದನು.

ಕಾಲವೂ ವಿಚಾರಣೀಯವಾಗಿದೆ. ೧೯೭೩ರಿಂದ ಚಿಲಿಯನ್ನಾಳುತ್ತಿದ್ದ ಸೇನಾನಿ ಪಿನೋಚೆಯ ಆಡಳಿತವು ಮುಗಿದು, ಜನರು ಆರಿಸಿದ ಅಧ್ಯಕ್ಷನಾದ ಪತ್ರೀಸಿಯೋ ಐಲ್ವಿನ್ನನು ಅಧಿಕಾರ ವಹಿಸಿದುದು ಮಾರ್ಚ್ ೧೧ರಂದು. ಅರಸು ಬದಲಾದರೂ ಪೋಲೀಸರೂ ಸೈನ್ಯವೂ ಬದಲಾಗಿರಲಿಲ್ಲ. ಅತ್ತ ಇರಾಕಿನಲ್ಲಿ ಬಾಗ್ದಾದಿನ ದಕ್ಷಿಣಕ್ಕಿದ್ದ ಶಸ್ತ್ರಾಗಾರದ ಸ್ಫೋಟವನ್ನು ವಿಚಾರಿಸಲು ೧೯೮೯ರಲ್ಲಿ ಹೋಗಿದ್ದ ಫರ್ಜಾದ್ ಬಾಜೋಫ್ತನು ಗೂಢಚಾರನೆಂಬ ಆರೋಪದ ಮೇಲೆ ಸೆರೆಯಾಗಿದ್ದನು. ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಗೆ ಬರೆಯುತ್ತಿದ್ದ ಆ ಪತ್ರಕರ್ತನು ೧೯೯೦ರ ಮಾರ್ಚ್ ೧೫ರಂದು ಗಲ್ಲಿಗೇರಿದನು. ಇರಾಕಿಗಾಗಿ ಅಪೂರ್ವ ಗಾತ್ರದ ಮಹಾಫಿರಂಗಿಯನ್ನು ನಿರ್ಮಿಸುತ್ತಿದ್ದ ಜೆರಾಲ್ಡ್ ಬುಲ್ ಎಂಬ ಕೆನಡಾ ದೇಶದ ಯಂತ್ರಶಾಸ್ತ್ರಜ್ಞನು ಮಾರ್ಚ್ ೨೨ರಂದು ಬ್ರಸೆಲ್ಸಿನಲ್ಲಿ ತನ್ನ ಮನೆಯ ಬಾಗಿಲಲ್ಲೇ ಗುಂಡೇಟಿನಿಂದ ಸತ್ತನು. ಕೊಂದವರು ಸಿಕ್ಕಲೇ ಇಲ್ಲ. ಮಾರ್ಚ್ ೩೧ರಂದು ಮೊಯ್ಲನ ಸರದಿ. ಹದಿನೇಳು ದಿನಗಳೊಳಗೆ ಆದ ಈ ಮೂರು ಮರಣಗಳಿಗೆ ಪರಸ್ಪರ ಕಾರ್ಯಕಾರಣ ಸಂಬಂಧವಿದ್ದಿತೆಂದು ಹೇಳಲು ಆಧಾರವಿಲ್ಲ. ಕಾಕತಾಲೀಯವನ್ನು ಕಾರಣವೆಂದೆಣಿಸುವುದು ತರ್ಕದೋಷ. ಆದರೆ ಇರಾಕಿನ ಶಸ್ತ್ರಸಂಗ್ರಹದ ಸುತ್ತ ಆಗಿನ ವಾತಾವರಣವು ಎಂಥದೆಂಬುದನ್ನು ಇವು ತೋರಿಸದೆ ಇರವು.

೩

ಮೊಯ್ಲನು ಇಳಿದುಕೊಂಡಿದ್ದುದು ಹೋಟೆಲ್ ಕರೇರಾ ಎಂಬ ಪ್ರಸಿದ್ಧ ವಸತಿಗೃಹದಲ್ಲಿ. ಚಿಲಿಯ ಅಧ್ಯಕ್ಷನ ಅರಮನೆಯಾದ ಲಾ ಮೊನೇದಾದ ಮುಂದಣ ಚೌಕದಲ್ಲಿ ಅದು ಇದ್ದಿತು. ಕೋಣೆಯನ್ನು ಗುಡಿಸಬಂದ ಸೇವಕಿಯು ಅವನ ಶವವನ್ನು ಕಂಡಳು. ಬಟ್ಟೆಯ ಕಪಾಟಿನೊಳಗಣ ಸರಳಿಗೆ ಶರ್ಟಿನಿಂದ ಬಿಗಿದು ನೇತುಹಾಕಿದ ಸ್ಥಿತಿಯಲ್ಲಿ ಅದು ಇದ್ದಿತು. ತಲೆಗೆ ದಿಂಬಿನ ಗವಸು ಇದ್ದಿತು. ಆತ್ಮಹತ್ಯೆಯೆಂದು ಪೋಲೀಸರು ಕೂಡಲೇ ನುಡಿದುಬಿಟ್ಟರು.

ಅಷ್ಟಕ್ಕೇ ನಿಲ್ಲಲಿಲ್ಲ. ವಿಕೃತವಾದ ಕಾಮಕ್ರೀಡೆಯಲ್ಲಿ ತೊಡಗಿದ್ದಾಗ ಆಕಸ್ಮಿಕವಾಗಿ ಸತ್ತನೆಂಬ ಮತ್ತೊಂದು ಮಾತೂ ಹುಟ್ಟಿತು. ಈ ಮಾತು ಹಬ್ಬಿದುದು ಬೀದಿಯ ಜನರಿಂದಲ್ಲ, ಬ್ರಿಟಿಷ್ ರಾಯಭಾರ ಕಚೇರಿಯ ಕಡೆಯಿಂದ. ವಿವಾಹವು ನಿಶ್ಚಯವಾಗಿದ್ದ ಮಗನ ವಿಷಯದಲ್ಲಿ ಈ ಅಪವಾದವನ್ನು ಕೇಳಬೇಕಾದ ತಂದೆಯು ಶಾಲಾಧ್ಯಾಪಕನಾಗಿದ್ದವನು. ಅವನು ಸುಮ್ಮನಿರಲಿಲ್ಲ, ಚಿಲಿಯಲ್ಲಿ ನ್ಯಾಯಾಲಯದ ವಿಚಾರಣೆಯಾಗಬೇಕೆಂದು ಹಟಹಿಡಿದನು. ಕಾಲಾಂತರದಲ್ಲಿ ಬ್ರಿಟಿಷ್ ವಿದೇಶಾಂಗ ಖಾತೆಯು ಆ ಮಾತಿಗಾಗಿ ಕುಟುಂಬದ ಕ್ಷಮೆಯನ್ನು ಕೇಳಿತು. ಆದರೆ ಕ್ಷಮಾಪಣೆಯು ವದಂತಿಯಷ್ಟು ದೂರ ಹೋಗಲಾರದು. ರೆವಿಂಗ್‌ಟನ್ನನ ಸಂಗಡಿಗರಿಗೆ ಸೂರತಿನಿಂದ ಬಂದ ಉತ್ತರವನ್ನು ಇದರೊಡನೆ ಹೋಲಿಸಬಹುದು. ಅವರು ಮಾಡಿದುದನ್ನಾದರೂ ಮಾಡಿದ್ದರು, ಇವನ ಮೇಲೆ ಮಾಡದುದನ್ನು ಹೊರಿಸಲಾಯಿತು.

೪

ನೇತಾಡುತ್ತಿರುವ ಶವವನ್ನು ಕಂಡೊಡನೆ ಆತ್ಮಹತ್ಯೆಯೆಂದು ನಿರ್ಣಯಿಸಲಾಗದೆಂಬ ವಿಚಾರವು ಭಾರತೀಯ ಶಾಸ್ತ್ರಕಾರರಿಗೆ ಬಹುಪೂರ್ವದಲ್ಲೇ ವಿದಿತವಾಗಿದ್ದಿತು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಕಂಟಕಶೋಧನ’ವೆಂಬುದು ನಾಲ್ಕನೆಯ ಅಧಿಕರಣ. ಅದರ ಏಳನೆಯ ಅಧ್ಯಾಯಕ್ಕೆ ‘ಆಶುಮೃತಕಪರೀಕ್ಷಾ’ ಎಂದು ಹೆಸರು. ಹಠಾತ್ತನೆ ಸತ್ತವನ ಶವವನ್ನು ಪರೀಕ್ಷಿಸುವ ಕ್ರಮವನ್ನು ಅಲ್ಲಿ ವಿಧಿಸಿದೆ.

ಆ ಅಧ್ಯಾಯದ ಅಂಶಗಳಲ್ಲಿ ನಾಲ್ಕು ಈ ಪ್ರಕರಣಕ್ಕೆ ನೇರವಾಗಿ ಅನ್ವಯಿಸುತ್ತವೆ. ಮೊದಲನೆಯದು, ಶವವು ಕೆಡದಂತೆ ಎಣ್ಣೆಯನ್ನು ಲೇಪಿಸಿ ದೇಹದ ಚಿಹ್ನೆಗಳನ್ನು ನೋಡಬೇಕೆಂಬುದು. ಉಸಿರು ಕಟ್ಟಿಸಿ ಕೊಂದವನ ಲಕ್ಷಣ, ನೇಣಿನಿಂದ ಸತ್ತವನ ಲಕ್ಷಣ, ನೀರಿನಲ್ಲಿ ಸತ್ತವನ ಲಕ್ಷಣ, ವಿಷದಿಂದ ಸತ್ತವನ ಲಕ್ಷಣ ಇವುಗಳನ್ನು ಬೇರೆ ಬೇರೆಯಾಗಿ ಹೇಳಿರುವುದರಿಂದ, ಒಂದನ್ನು ಮತ್ತೊಂದರಂತೆ ತೋರಿಸುವ ಕಪಟವು ಶಾಸ್ತ್ರಕಾರನಿಗೆ ತಿಳಿದಿದ್ದಿತೆಂಬುದು ಸ್ಪಷ್ಟ. ಎರಡನೆಯದು, ವಿಷಪ್ರಯೋಗದ ಶಂಕೆಯಿದ್ದಲ್ಲಿ ಉಂಡುಳಿದ ಆಹಾರವನ್ನು ಪರೀಕ್ಷಿಸಬೇಕೆಂಬುದು. ಮೂರನೆಯದು, ಸಮೀಪದಲ್ಲಿದ್ದವರನ್ನು ವಿಚಾರಿಸಬೇಕೆಂಬುದು: ಇವನನ್ನು ಇಲ್ಲಿಗೆ ಕರೆದವರು ಯಾರು, ಯಾರೊಡನೆ ಇದ್ದನು, ಯಾರು ಈ ಸ್ಥಳಕ್ಕೆ ತಂದರು ಎಂದು. ನಾಲ್ಕನೆಯದು ಹಗೆತನದ ಕಾರಣಗಳ ಪಟ್ಟಿ. ಸ್ತ್ರೀನಿಮಿತ್ತವಾದ ಮತ್ತು ದಾಯಾದ್ಯದ ದೋಷ, ವೃತ್ತಿಯಲ್ಲಿನ ಸ್ಪರ್ಧೆ, ಪ್ರತಿಪಕ್ಷದ ದ್ವೇಷ, ವಿವಾದಪದ ಇವುಗಳೊಡನೆ ‘ಪಣ್ಯಸಂಸ್ಥೆ’ಯನ್ನೂ, ಎಂದರೆ ವ್ಯಾಪಾರದ ನೆಲೆಯನ್ನೂ, ಕೌಟಿಲ್ಯನು ರೋಷಸ್ಥಾನಗಳಲ್ಲಿ ಎಣಿಸಿದ್ದಾನೆ. ರೋಷದಿಂದ ಘಾತವೆಂಬುದು ಅವನ ನಿಶ್ಚಯ.

ಇನ್ನೊಂದು ಮಾತನ್ನು ಮರೆಯಲಾಗದು. ಕಾಮಕ್ರೋಧಗಳಿಂದ ಆತ್ಮಘಾತ ಮಾಡಿಕೊಂಡವನ ಶವವನ್ನು ರಾಜಮಾರ್ಗದಲ್ಲಿ ಹಗ್ಗದಿಂದ ಎಳೆಯಿಸಬೇಕೆಂದೂ, ಸಂಸ್ಕಾರವನ್ನು ನಿಷೇಧಿಸಬೇಕೆಂದೂ ಅದೇ ಅಧ್ಯಾಯದಲ್ಲಿ ವಿಧಿಸಿದೆ. ಈ ವಿಧಿಯು ಕ್ರೂರವಾದುದು, ಇಂದು ಯಾರೂ ಒಪ್ಪತಕ್ಕುದಲ್ಲ. ಆದರೆ ಇದರಿಂದ ಒಂದು ಪ್ರಯೋಜನವುಂಟು: ನಿರ್ಣಯದ ಭಾರವೆಷ್ಟೆಂಬುದು ತಿಳಿಯುತ್ತದೆ. ಕೊಲೆಯಾದವನನ್ನು ಆತ್ಮಘಾತಿಯೆಂದರೆ ಕೊಂದವನು ಪಾರಾಗುವನು, ಸತ್ತವನು ಅವಮಾನಿತನಾಗುವನು. ಹಗ್ಗದಿಂದ ಎಳೆಯುವ ಪದ್ಧತಿ ಹೋಗಿದ್ದರೂ ಬಾಯಿಂದ ಎಳೆಯುವ ಪದ್ಧತಿಯು ಹೋಗಿಲ್ಲವೆಂಬುದಕ್ಕೆ ಸಾಂಟಿಯಾಗೋದ ವದಂತಿಯೇ ಸಾಕ್ಷಿ.

೫

ಮೊಯ್ಲನ ಪ್ರಕರಣದಲ್ಲಿ ಈ ಪರೀಕ್ಷೆಯು ತಡವಾಗಿಯಾದರೂ ನಡೆಯಿತು. ಚಿಲಿಯ ನ್ಯಾಯಾಧೀಶನಾದ ಅಲೆಹಾಂದ್ರೋ ಸೋಲೀಸನು ವಿಚಾರಣೆಯನ್ನು ಕೈಗೊಂಡು, ೧೯೯೧ರ ಡಿಸೆಂಬರಿನಲ್ಲಿ ಇದು ಕೊಲೆಯೆಂದು ನಿರ್ಣಯಿಸಿದನು. ಮೊದಲು ಮದ್ದಿನಿಂದ ಎಚ್ಚರದಪ್ಪಿಸಿ, ಉಸಿರು ಕಟ್ಟಿಸಿ ಕೊಂದು, ಬಳಿಕ ಕಪಾಟಿನಲ್ಲಿ ನೇತುಹಾಕಿ ಆತ್ಮಹತ್ಯೆಯ ತೋರಿಕೆಯನ್ನು ಕಲ್ಪಿಸಿದರೆಂಬುದು ಆ ನಿರ್ಣಯದ ಸಾರ. ಕಾಲಿನ ಮೇಲೆ ಸೂಜಿ ಚುಚ್ಚಿದ ಗುರುತು ಕಂಡುಬಂದಿದ್ದಿತು. ಇಂಗ್ಲೆಂಡಿನಲ್ಲಿಯೂ ಎಕ್ಸೆಟರ್ ನಗರದಲ್ಲಿ ಮರಣವಿಚಾರಣಾಧಿಕಾರಿಯ ಮುಂದೆ ಪಂಚನಾಮೆಯಾಗಿ, ೧೯೯೮ರಲ್ಲಿ ‘ಅಕ್ರಮವಧೆ’ಯೆಂಬ ತೀರ್ಪು ಬಂದಿತು. ಶವವು ಸಿಕ್ಕಿದ ದಿನದಿಂದ ಈ ತೀರ್ಪಿಗೆ ಎಂಟು ವರ್ಷಗಳು ಹಿಡಿದವು. ಆತ್ಮಹತ್ಯೆಯೆಂದು ಹೇಳಲು ಒಂದು ದಿನವೂ ಬೇಕಾಗಿರಲಿಲ್ಲ.

ಇಲ್ಲಿ ಪ್ರಮಾಣಗಳ ವಿವೇಚನೆಯು ಅವಶ್ಯಕ. ಯಥಾರ್ಥವನ್ನು ಬಲ್ಲವನೂ, ಬಲ್ಲುದನ್ನು ಬಲ್ಲಂತೆಯೇ ಹೇಳಲಿಚ್ಛಿಸುವವನೂ ಆಪ್ತನು. ಅವನ ಮಾತು ಪ್ರಮಾಣವೆಂದು ನೈಯಾಯಿಕರು ಹೇಳುತ್ತಾರೆ. ಪೋಲೀಸರ ಮೊದಲ ಮಾತು ಪರೀಕ್ಷೆಗೆ ಮುಂಚೆ ಬಂದುದರಿಂದ ಅದರಲ್ಲಿ ಮೊದಲ ಲಕ್ಷಣವಿಲ್ಲ. ಕಚೇರಿಯ ಕಡೆಯಿಂದ ಬಂದ ವದಂತಿಯಲ್ಲಿ ಎರಡು ಲಕ್ಷಣಗಳೂ ಇಲ್ಲ. ಎರಡು ದೇಶಗಳ ವಿಚಾರಣಾಧಿಕಾರಿಗಳು ಬೇರೆ ಬೇರೆ ಕಾಲದಲ್ಲಿ ಒಂದೇ ಕಡೆಗೆ ಬಂದುದು ಬಲವಾದ ಪ್ರಮಾಣ. ಆದುದರಿಂದ ಮೊಯ್ಲನು ಆತ್ಮಹತ್ಯೆ ಮಾಡಿಕೊಂಡವನಲ್ಲ, ಪರರಿಂದ ಹತನಾದವನು, ಎಂಬಷ್ಟನ್ನು ಸಿದ್ಧಾಂತವೆಂದೇ ಸ್ವೀಕರಿಸಬಹುದು.

ಕೊಂದವರು ಯಾರೆಂಬುದು ಬೇರೆಯ ಪ್ರಶ್ನೆ. ಈ ಅಪರಾಧಕ್ಕಾಗಿ ಯಾರೂ ಶಿಕ್ಷೆಯನ್ನು ಹೊಂದಿಲ್ಲ. ಕಾರ್ಡೋಯೆನ್ನನು ತನಗೂ ಈ ಮರಣಕ್ಕೂ ಏನೇನೂ ಸಂಬಂಧವಿಲ್ಲವೆಂದು ಹೇಳಿದನು. ಅವನ ಮೇಲೆ ಈ ವಿಷಯದಲ್ಲಿ ಅಪರಾಧವು ಸಿದ್ಧವಾಗಲಿಲ್ಲ. ಹೆಲಿಕಾಪ್ಟರಿನ ವಿಚಾರಣೆ ಮತ್ತು ಮರಣ ಇವು ಒಂದೇ ವಾರದಲ್ಲಿ ನಡೆದವೆಂಬುದು ಸತ್ಯ. ಮೊದಲನೆಯದರಿಂದ ಎರಡನೆಯದು ಸಂಭವಿಸಿತೆಂಬುದು ಶಂಕೆ. ಮೊಯ್ಲನು ಪತ್ರಕರ್ತನ ವೇಷದ ಗೂಢಚಾರನೆಂದು ಕೆಲವರು ಬರೆದರು. ವಾಯುಸೇನೆಯಲ್ಲಿದ್ದನೆಂಬುದರಿಂದಷ್ಟೆ ಅದು ಸಿದ್ಧವಾಗದು. ಒಂದು ವೇಳೆ ಸಿದ್ಧವಾದರೂ ಕೊಲೆಯು ಕೊಲೆಯಾಗದೆ ಹೋಗದು. ಬಾಜೋಫ್ತನನ್ನು ಗಲ್ಲಿಗೇರಿಸಿದವರ ಬಾಯಲ್ಲಿದ್ದುದೂ ಇದೇ ಗೂಢಚಾರ ಶಬ್ದವೆಂಬುದನ್ನು ನೆನೆದರೆ ಆ ಶಬ್ದವನ್ನು ಬಳಸುವವರು ಎಚ್ಚರದಿಂದಿರಬೇಕೆಂಬುದು ತಿಳಿಯುತ್ತದೆ.

ಕೊಂದವನ ಹೆಸರು ತಿಳಿಯದಿದ್ದರೂ, ಆ ಕಾಲದಲ್ಲಿ ಸತ್ಯವು ಹೊರಬೀಳುವುದು ಹಲವರಿಗೆ ಬೇಡವಾಗಿದ್ದಿತೆಂಬುದಕ್ಕೆ ಲಿಖಿತ ಪ್ರಮಾಣವೇ ಇದೆ. ಇರಾಕಿಗೆ ಯಂತ್ರಗಳನ್ನು ಕಳುಹಿದ ಮ್ಯಾಟ್ರಿಕ್ಸ್ ಚರ್ಚಿಲ್ ಎಂಬ ಕಂಪನಿಯ ಮೇಲಧಿಕಾರಿಗಳ ಮೇಲೆ ಬ್ರಿಟನ್ನಿನಲ್ಲಿ ಹೂಡಿದ ಮೊಕದ್ದಮೆಯು ೧೯೯೨ರಲ್ಲಿ ಕುಸಿದುಬಿದ್ದಿತು, ಏಕೆಂದರೆ ಆ ರಫ್ತಿನ ಸಂಗತಿ ಸರಕಾರಕ್ಕೆ ಮೊದಲೇ ತಿಳಿದಿದ್ದಿತು. ಬಳಿಕ ನ್ಯಾಯಮೂರ್ತಿ ಸ್ಕಾಟನು ವಿಚಾರಣೆ ನಡೆಸಿ ೧೯೯೬ರ ಫೆಬ್ರವರಿಯಲ್ಲಿ ವರದಿಯನ್ನೊಪ್ಪಿಸಿದನು. ಇರಾಕಿಗೆ ಯುದ್ಧೋಪಯೋಗಿ ಸರಕನ್ನು ಕಳುಹುವ ನಿಯಮಗಳನ್ನು ಯುದ್ಧವಿರಾಮದ ತರುವಾಯ ಸಡಿಲಿಸಿ, ಅದನ್ನು ಪಾರ್ಲಿಮೆಂಟಿಗೆ ತಿಳಿಸಲಿಲ್ಲವೆಂಬುದು ಅದರಿಂದ ಬಯಲಾಯಿತು. ಇರಾಕಿನ ಶಸ್ತ್ರಸಂಗ್ರಹವನ್ನು ಕೆದಕುತ್ತಿದ್ದ ಪತ್ರಕರ್ತನಿಗೆ ಅವನ ದೇಶದ ಅಧಿಕಾರಿಗಳಿಂದ ಬೆಂಬಲ ದೊರೆಯದುದಕ್ಕೆ ಇದೇ ಕಾರಣವೆಂದು ನಿಶ್ಚಯಿಸಲಾಗದು. ಆದರೆ ಈ ಹಿನ್ನೆಲೆಯನ್ನು ಬಿಟ್ಟು ಆ ವದಂತಿಯನ್ನು ಓದಲಾಗದು.

೬

ಇದು ದೂರದೇಶದ ವಾರ್ತೆಯೆಂದು ಕನ್ನಡಿಗರು ಉಪೇಕ್ಷಿಸುವಂತಿಲ್ಲ. ಮೊಯ್ಲನು ಸತ್ತ ನಾಲ್ಕು ತಿಂಗಳಿಗೆ, ೧೯೯೦ರ ಆಗಸ್ಟ್ ೨ರಂದು, ಆ ಶಸ್ತ್ರಗಳಿಂದ ಕೊಬ್ಬಿದ ಇರಾಕು ಕುವೈತನ್ನು ಆಕ್ರಮಿಸಿತು. ಅಲ್ಲಿ ದುಡಿಯುತ್ತಿದ್ದ ಸುಮಾರು ೧,೭೦,೦೦೦ ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಮನೆ, ಉಳಿತಾಯ, ಉದ್ಯೋಗ ಎಲ್ಲವನ್ನೂ ಬಿಟ್ಟು ಉಟ್ಟ ಬಟ್ಟೆಯಲ್ಲಿ ಮರಳಿದವರಲ್ಲಿ ಕರಾವಳಿಯ ಕನ್ನಡ ಕುಟುಂಬಗಳೂ ಇದ್ದವು.

ಸ್ವೀಡನ್ ದೇಶದ ನಿದರ್ಶನವು ಇನ್ನೂ ಸಮೀಪದ್ದು. ಪೂರ್ವ ಜರ್ಮನಿಗೆ ನಡೆಯುತ್ತಿದ್ದ ಕಳ್ಳಸಾಗಣೆಯನ್ನು ವಿಚಾರಿಸುತ್ತಿದ್ದ ಕಾಟ್ಸ್ ಫಾಲ್ಕ್ ಎಂಬ ಪತ್ರಕರ್ತೆಯು ೧೯೮೪ರ ನವೆಂಬರಿನಲ್ಲಿ ಗೆಳತಿಯೊಡನೆ ಕಾಣೆಯಾದಳು. ೧೯೮೫ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮಿನ ಕಾಲುವೆಯಲ್ಲಿ ಮುಳುಗಿದ್ದ ಕಾರಿನೊಳಗೆ ಇಬ್ಬರ ಶವಗಳೂ ಸಿಕ್ಕಿದವು. ಪೋಲೀಸರು ಅಪಘಾತವೆಂದರು, ಶಂಕೆಯು ನಿಲ್ಲಲಿಲ್ಲ. ಅದೇ ದೇಶದ ಬೋಫೋರ್ಸ್ ಕಂಪನಿಯೊಡನೆ ಭಾರತವು ೧೯೮೬ರ ಮಾರ್ಚ್ ೨೪ರಂದು ೪೧೦ ಫಿರಂಗಿಗಳಿಗಾಗಿ ೧,೪೩೭ ಕೋಟಿ ರೂಪಾಯಿಗಳ ಕರಾರು ಮಾಡಿಕೊಂಡಿತು. ಸ್ವೀಡನ್ನಿನ ಶಸ್ತ್ರರಫ್ತಿನ ಮೇಲ್ವಿಚಾರಕನಾದ ಆಲ್ಗೆರ್ನೊನ್ನನು ೧೯೮೭ರ ಜನವರಿ ೧೫ರಂದು ಸ್ಟಾಕ್‌ಹೋಮಿನಲ್ಲಿ ನೆಲದಡಿಯ ರೈಲಿನ ಮುಂದೆ ಬಿದ್ದು ಸತ್ತನು. ಬಿದ್ದನೋ, ಹಾರಿದನೋ, ನೂಕಿದರೋ ಎಂಬುದು ಇತ್ಯರ್ಥವಾಗಲಿಲ್ಲ. ಮೂರು ತಿಂಗಳ ಬಳಿಕ, ಏಪ್ರಿಲ್ ೧೬ರಂದು, ಸ್ವೀಡನ್ನಿನ ಬಾನುಲಿಯು ಆ ಕರಾರಿನಲ್ಲಿ ಲಂಚ ಸಂದಿತೆಂದು ಸಾರಿತು. ಅದನ್ನು ಬೆನ್ನಟ್ಟಿ ದಾಖಲೆಗಳನ್ನು ಹೊರತಂದ ಚಿತ್ರಾ ಸುಬ್ರಹ್ಮಣ್ಯಂ ಎಂಬ ಪತ್ರಕರ್ತೆಗೆ ಅವುಗಳನ್ನೊದಗಿಸಿದವನು ತಾನೇ ಎಂದು ಸ್ವೀಡನ್ನಿನ ಪೋಲೀಸ್ ಅಧಿಕಾರಿ ಸ್ಟೆನ್ ಲಿಂಡ್‌ಸ್ಟ್ರೋಮನು ೨೦೧೨ರಲ್ಲಿ ಪ್ರಕಟಿಸಿದನು. ನ್ಯಾಯಾಲಯದಲ್ಲಿ ಲಂಚದ ಅಪರಾಧವು ಸ್ಥಿರಪಡದಿದ್ದರೂ, ಆ ವ್ಯವಹಾರದ ಇತಿಹಾಸವನ್ನು ಬರೆಯಲು ಇಂದು ಸಾಮಗ್ರಿಯುಂಟು. ಅಲ್ಲಿ ವಿಚಾರಿಸಿದವರು ಬದುಕಿದರು, ಆದುದರಿಂದ ಕಾಗದಗಳೂ ಬದುಕಿದವು. ಮೊಯ್ಲನ ವಿಷಯದಲ್ಲಿ ಉಳಿದುದು ಅವನ ಮರಣದ ದಾಖಲೆ ಮಾತ್ರ. ಅವನು ಬರೆಯಬೇಕೆಂದಿದ್ದ ಲೇಖನವು ಉಳಿಯಲಿಲ್ಲ.

೭

ಇಷ್ಟರಿಂದ ಫಲಿಸುವುದಿದು. ವಿಚಾರಿಸುವವನು ಸತ್ತಾಗ ಎರಡು ಇತಿಹಾಸಗಳು ಅಪಾಯಕ್ಕೊಳಗಾಗುತ್ತವೆ: ಅವನು ವಿಚಾರಿಸುತ್ತಿದ್ದ ಸಂಗತಿಯದು ಒಂದು, ಅವನ ಮರಣದ್ದು ಮತ್ತೊಂದು. ಮೊದಲನೆಯದನ್ನು ಕಾಪಾಡುವುದು ಎಷ್ಟೋ ವೇಳೆ ಅಶಕ್ಯ. ಎರಡನೆಯದು ಮಾತ್ರ ಉಳಿದವರ ಕೈಯಲ್ಲಿದೆ. ಮೊದಲು ನುಡಿದವನ ಮಾತೇ ಚರಿತ್ರೆಯಾಗಿ ನಿಲ್ಲುವುದು ಲೋಕದ ರೂಢಿ. ಅದನ್ನು ತಡೆಯುವುದಕ್ಕಾಗಿಯೇ ಪರೀಕ್ಷೆಯನ್ನು ಶಾಸ್ತ್ರವು ವಿಧಿಸಿತು. ಸಾಂಟಿಯಾಗೋದಲ್ಲಿ ಮೊದಲು ನುಡಿದವರು ಸೋತುದು ರಾಜನೀತಿಯಿಂದಲ್ಲ, ಸೂಜಿಯ ಗುರುತಿನಂಥ ಸಣ್ಣ ಸಾಕ್ಷ್ಯಗಳಿಂದಲೂ ಒಬ್ಬ ವೃದ್ಧ ಅಧ್ಯಾಪಕನ ಹಟದಿಂದಲೂ.

ಹೋಟೆಲ್ ಕರೇರಾ ೨೦೦೩ರಲ್ಲಿ ಮುಚ್ಚಿತು. ಆ ಕಟ್ಟಡದಲ್ಲಿ ಈಗ ಚಿಲಿಯ ವಿದೇಶಾಂಗ ಖಾತೆಯ ಕಚೇರಿಯಿದೆ.